ಪದಚರ್ಚೆ: ‘ಪ್ರೊಬೇಷನ್’ಗೆ ‘ಪರಿವೀಕ್ಷಣೆ’ ಸಾಕೇ?

ಬಳಗದವರಿಗೆ ನಮಸ್ಕಾರ.

ನ್ಯಾಯಾಲಯದಲ್ಲಿ ತಪ್ಪು ಸಾಬೀತಾದ ಮೇಲೂ ಜೈಲಿಗೆ ಹೋಗದೆ, ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಮರಳಿದವನ ಸ್ಥಿತಿಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಸರ್ಕಾರಿ ಕಡತಗಳು ಇದನ್ನು ‘ಪರಿವೀಕ್ಷಣೆ’ ಎನ್ನುತ್ತವೆ. ಅವನ ಮೇಲ್ವಿಚಾರಣೆಗೆ ನೇಮಕವಾದವರು ‘ಪರಿವೀಕ್ಷಣಾಧಿಕಾರಿ’. ಇಂಥವರಿಗೂ ಅವರ ಮನೆಯವರಿಗೂ ಕೊಡಲು ಒಂದು ಸಣ್ಣ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಓದುವವರಲ್ಲಿ ಹೆಚ್ಚಿನವರು ಶಾಲೆಯನ್ನು ನಡುವೆಯೇ ಬಿಟ್ಟವರು. ಮೊದಲ ಪುಟದಲ್ಲೇ ಈ ಪದಕ್ಕೆ ಎಡವಿದರೆ ಮುಂದಿನ ಪುಟಗಳನ್ನು ಯಾರೂ ತಿರುವುವುದಿಲ್ಲ. ಆದ್ದರಿಂದ ಬಳಗದ ನೆರವು ಬೇಕಾಗಿದೆ.

ವಿಷಯ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಇದಕ್ಕೆ ಆಧಾರ 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆ. ಅದರ 3ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಶಿಕ್ಷೆಯೂ ಆಗಿರದವನು ಸಣ್ಣ ಅಪರಾಧ ಮಾಡಿದ್ದರೆ ನ್ಯಾಯಾಧೀಶರು ಬುದ್ಧಿ ಹೇಳಿಯೇ ಕಳುಹಿಸಬಹುದು. 4ನೇ ಸೆಕ್ಷನ್ ಪ್ರಕಾರ ಶಿಕ್ಷೆ ವಿಧಿಸುವುದನ್ನು ಸದ್ಯಕ್ಕೆ ತಡೆದು, ಹೆಚ್ಚೆಂದರೆ ಮೂರು ವರ್ಷದ ಅವಧಿಗೆ ‘ಶಾಂತಿಯಿಂದ ಇರುತ್ತೇನೆ, ನೆಟ್ಟಗೆ ನಡೆಯುತ್ತೇನೆ, ಕರೆದಾಗ ಬಂದು ಶಿಕ್ಷೆ ಸ್ವೀಕರಿಸುತ್ತೇನೆ’ ಎಂದು ಬರೆಸಿಕೊಂಡು ಬಿಡಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಇಪ್ಪತ್ತೊಂದು ತುಂಬದವರನ್ನು ಜೈಲಿಗೆ ಕಳುಹಿಸುವ ಮುನ್ನ ನ್ಯಾಯಾಲಯವು ಅಧಿಕಾರಿಯ ವರದಿ ತರಿಸಿ ನೋಡಬೇಕು. ಆಮೇಲೂ ಜೈಲೇ ಸರಿ ಎನಿಸಿದರೆ ಕಾರಣ ಬರೆದಿಡಬೇಕು.

ಈಗ ಪದಕ್ಕೆ ಬರೋಣ. ‘ಪರಿವೀಕ್ಷಣೆ’ಯಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಗೊಂದಲ. ಶಿಕ್ಷಣ ಇಲಾಖೆಯಲ್ಲಿ ‘ವಿಷಯ ಪರಿವೀಕ್ಷಕರು’ ಇದ್ದಾರೆ, ಅವರ ಕೆಲಸ ಶಾಲೆ ತಪಾಸಣೆ. ಮೂಲ ಪದವನ್ನೇ ಹಾಗೆಯೇ ಇಟ್ಟುಕೊಳ್ಳೋಣ ಎಂದರೆ, ಬ್ಯಾಂಕಿನ ‘ಪ್ರೊಬೇಷನರಿ ಅಧಿಕಾರಿ’ ಅಡ್ಡ ಬರುತ್ತಾರೆ. ಊರಲ್ಲಿ ‘ಪ್ರೊಬೇಷನ್ ಆಫೀಸರ್ ಬಂದಿದ್ದಾರೆ’ ಎಂದರೆ ಸಾಲ ಕೊಡಲು ಬಂದವರೆಂದು ತಿಳಿಯುವವರಿದ್ದಾರೆ, ವಸೂಲಿಗೆ ಬಂದವರೆಂದು ಹಿತ್ತಿಲ ಬಾಗಿಲು ಹುಡುಕುವವರೂ ಇದ್ದಾರೆ. ಸರ್ಕಾರಿ ನೌಕರಿಯ ಪ್ರೊಬೇಷನ್‌ಗೆ ಮಾತ್ರ ಕನ್ನಡ ಧಾರಾಳವಾಗಿ ಪದ ಹುಟ್ಟಿಸಿದೆ: ‘ಪರೀಕ್ಷಾರ್ಥ ಅವಧಿ’, ‘ಖಾಯಂಪೂರ್ವ ಸೇವಾವಧಿ’. ಎರಡನೆಯದಂತೂ ಗುಮಾಸ್ತರ ಬುದ್ಧಿವಂತಿಕೆಗೆ ಒಳ್ಳೆಯ ಉದಾಹರಣೆ. ಅರ್ಥ ಎಲ್ಲೂ ಸೋರುವುದಿಲ್ಲ.

ಎರಡನೆಯ ತೊಡಕು ಹೆಚ್ಚು ಆಳದ್ದು. ‘ಪರಿವೀಕ್ಷಣೆ’ಯಲ್ಲಿ ಇರುವುದು ಬರೀ ಕಣ್ಣು. ಸುತ್ತಲಿಂದ ನೋಡುವುದು, ಗಮನವಿಡುವುದು. ಆದರೆ ಕಾಯ್ದೆಯ 14ನೇ ಸೆಕ್ಷನ್ ಈ ಅಧಿಕಾರಿಗೆ ಹೊರಿಸಿರುವ ಕೆಲಸಗಳನ್ನು ನೋಡಿ: ವ್ಯಕ್ತಿಯ ಸನ್ನಿವೇಶ ವಿಚಾರಿಸಿ ನ್ಯಾಯಾಲಯಕ್ಕೆ ತಿಳಿಸಬೇಕು, ಮೇಲ್ವಿಚಾರಣೆ ಮಾಡಬೇಕು, ಅಗತ್ಯವಿದ್ದರೆ ತಕ್ಕ ಉದ್ಯೋಗ ಹುಡುಕಿಕೊಡಲು ಪ್ರಯತ್ನಿಸಬೇಕು, ಪರಿಹಾರದ ಹಣ ಕಟ್ಟುವುದಕ್ಕೆ ಸಲಹೆ ಸಹಾಯ ಕೊಡಬೇಕು. ನೋಡುವುದು ಇದರಲ್ಲಿ ಒಂದು ಪಾಲು ಮಾತ್ರ. 1907ರ ಬ್ರಿಟಿಷ್ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಲಹೆ ಕೊಡು, ನೆರವಾಗು ಎಂದದ್ದರ ಜೊತೆಗೆ ಸ್ನೇಹದಿಂದ ನಡೆದುಕೋ ಎಂದೂ ಹೇಳಿತ್ತು. ನಮ್ಮ ಕಾಯ್ದೆಯಲ್ಲಿ ಆ ಸ್ನೇಹದ ಮಾತಿಲ್ಲ. ಕನ್ನಡಕ್ಕೆ ಬರುವಾಗ ನೆರವೂ ಬಿದ್ದುಹೋಗಿ, ಉಳಿದದ್ದು ನಿಗಾ.

ಹಾಗಾದರೆ ‘ಸನ್ನಡತೆಯ ಮೇಲೆ ಬಿಡುಗಡೆ’ ಎಂದರೆ ಸಾಲದೇ ಎಂದು ಕೇಳುತ್ತೀರಿ. ಕಾಯ್ದೆಯ ಮಾತಿಗೆ ಅದೇ ಹತ್ತಿರ, ಒಪ್ಪುತ್ತೇನೆ. ಆದರೆ ಪತ್ರಿಕೆಗಳು ಆ ಮಾತನ್ನು ಬೇರೊಂದಕ್ಕೆ ಮೀಸಲಿಟ್ಟುಬಿಟ್ಟಿವೆ. ‘ಸನ್ನಡತೆ ಆಧಾರದಲ್ಲಿ ಕೈದಿಗಳ ಬಿಡುಗಡೆ’ ಎಂಬ ಶೀರ್ಷಿಕೆ ಓದಿದೊಡನೆ ನಮ್ಮ ಕಣ್ಣ ಮುಂದೆ ಬರುವವರು ಹತ್ತಾರು ವರ್ಷ ಸೆರೆಯಲ್ಲಿ ಕಳೆದು, ಉಳಿದ ಶಿಕ್ಷೆ ಮಾಫಿಯಾಗಿ, ಕೈಯಲ್ಲಿ ಚೀಲ ಹಿಡಿದು ಹೊರಬರುವ ಜೀವಾವಧಿ ಶಿಕ್ಷೆಯವರು. ಅಲ್ಲಿ ನಡತೆ ಮೊದಲು, ಬಿಡುಗಡೆ ಆಮೇಲೆ. ಪ್ರೊಬೇಷನ್‌ನಲ್ಲಿ ಬಿಡುಗಡೆ ಮೊದಲು, ನಡತೆಯನ್ನು ಆಮೇಲೆ ತೋರಿಸಬೇಕು. ಒಂದೇ ಮಾತು ಎರಡನ್ನೂ ಹೊತ್ತರೆ, ಜೈಲಿನ ಬಾಗಿಲನ್ನೇ ಕಾಣದ ಹುಡುಗನನ್ನೂ ಊರಿನವರು ‘ಒಳಗಿದ್ದು ಬಂದವನು’ ಎನ್ನುತ್ತಾರೆ.

‘ಬಿಡುಗಡೆ’ಯದೂ ಇದೇ ಪಾಡು. ಜಾಮೀನಿನ ಮೇಲೆ ಹೊರಬಂದರೂ ಬಿಡುಗಡೆ, ಆರೋಪ ಹೊರಿಸಲು ಆಧಾರವಿಲ್ಲವೆಂದು ಕೈಬಿಟ್ಟರೂ ಬಿಡುಗಡೆ, ನಿರ್ದೋಷಿ ಎಂದರೂ ಬಿಡುಗಡೆ, ಶಿಕ್ಷೆ ಮುಗಿದರೂ ಬಿಡುಗಡೆ. ‘ಖುಲಾಸೆ’ ಎಂಬ ಒಳ್ಳೆಯ ಪದ ನಮ್ಮಲ್ಲಿದ್ದು, ನಿರ್ದೋಷಿ ಎಂದು ತೀರ್ಪಾದದ್ದಕ್ಕೆ ಮಾತ್ರ ಅದನ್ನು ಬಳಸುವ ಶಿಸ್ತು ವಕೀಲರಲ್ಲಿದೆ. ಜನರ ಬಾಯಲ್ಲಿ ಆ ಗೆರೆ ಇಲ್ಲ. 4ನೇ ಸೆಕ್ಷನ್ ಅಡಿ ಮನೆಗೆ ಬಂದವನು ‘ಕೇಸು ಖುಲಾಸೆಯಾಯಿತು’ ಎಂದೇ ಹೇಳುತ್ತಾನೆ. ಇದು ಬರೀ ಪದದ ತಪ್ಪಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಎಲ್ಲ ಮುಗಿಯಿತೆಂದು ತಿಳಿದವನು ಅಧಿಕಾರಿಯ ಮುಂದೆ ಹಾಜರಾಗುವುದನ್ನು ನಿಲ್ಲಿಸುತ್ತಾನೆ, ತಿಳಿಸದೆ ಊರು ಬಿಟ್ಟು ಕೂಲಿಗೆ ಹೋಗುತ್ತಾನೆ. ಷರತ್ತು ಮುರಿದದ್ದು ನ್ಯಾಯಾಲಯಕ್ಕೆ ಗೊತ್ತಾದರೆ 9ನೇ ಸೆಕ್ಷನ್ ಪ್ರಕಾರ ವಾರಂಟ್ ಹೊರಡಬಹುದು, ತಡೆದಿದ್ದ ಮೂಲ ಶಿಕ್ಷೆಯೇ ಬೀಳಬಹುದು. ಮೊದಲ ಸಲದ ತಪ್ಪಿಗೆ ಐವತ್ತು ರೂಪಾಯಿಯವರೆಗಿನ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸುವ ದಾರಿಯೂ ಉಂಟು. ಐವತ್ತು ಎಂದರೆ 1958ರ ಐವತ್ತು. ಇನ್ನೊಂದು ಕಡೆ, 12ನೇ ಸೆಕ್ಷನ್ ಈ ಕಾಯ್ದೆಯಡಿ ಬಿಟ್ಟವನಿಗೆ ಅಪರಾಧಿ ಎಂದು ತೀರ್ಮಾನವಾದುದರಿಂದ ಕಾನೂನಿನಲ್ಲಿ ಅಂಟುವ ಅನರ್ಹತೆ ಅಂಟುವುದಿಲ್ಲ ಎನ್ನುತ್ತದೆ. ಇಷ್ಟು ದೊಡ್ಡ ಅನುಕೂಲದ ವಿಷಯ ಆ ಹುಡುಗನ ಕಿವಿಗೆ ಬೀಳುವುದೇ ಅಪರೂಪ. ಖುಲಾಸೆಯೂ ಅಲ್ಲದ, ಸಜೆಯೂ ಅಲ್ಲದ ಈ ನಡುವಣ ಸ್ಥಿತಿಗೆ ಹೆಸರಿಲ್ಲದ ಕಾರಣ ಅದರ ಹಂಗೂ ಹಕ್ಕೂ ಎರಡೂ ತಿಳಿಯದೆ ಹೋಗುತ್ತವೆ.

ತಮಾಷೆಯೆಂದರೆ ಜೈಲಿಗೆ ಹೋಗುವುದಕ್ಕೆ ನಮ್ಮಲ್ಲಿ ಪದಗಳ ಬರವಿಲ್ಲ. ಕಂಬಿ ಎಣಿಸುವುದು, ಮುದ್ದೆ ಮುರಿಯುವುದು, ಮಾವನ ಮನೆಗೆ ಹೋಗುವುದು, ಶ್ರೀಕೃಷ್ಣನ ಜನ್ಮಸ್ಥಾನ. ಬೆಂಗಳೂರಿನ ಕಡೆ ‘ಪರಪ್ಪನ ಅಗ್ರಹಾರ’ ಎಂಬ ಊರಿನ ಹೆಸರೇ ಸಾಕು. ಹೋಗದೆ ಉಳಿದದ್ದಕ್ಕೆ ಒಂದು ನುಡಿಗಟ್ಟೂ ನನಗೆ ಸಿಕ್ಕಿಲ್ಲ. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ.

ಇದಕ್ಕಿಂತಲೂ ನನ್ನನ್ನು ಕಾಡುವುದು ‘ತನಿಖೆ’. ಮಕ್ಕಳ ಪ್ರಕರಣಗಳಲ್ಲಿ, ಅಂದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ, ಪರಿವೀಕ್ಷಣಾಧಿಕಾರಿ ಎರಡು ವಾರದೊಳಗೆ ಬಾಲನ್ಯಾಯ ಮಂಡಳಿಗೆ ಒಂದು ವರದಿ ಕೊಡಬೇಕು. ಮನೆ ಹೇಗಿದೆ, ಶಾಲೆ ಯಾಕೆ ಬಿಟ್ಟ, ಗೆಳೆಯರು ಯಾರು, ಮನೆಯಲ್ಲಿ ಹೊಡೆತ ಬಡಿತ ಇದೆಯೇ, ಇಂಥವು ಅದರಲ್ಲಿರುತ್ತವೆ. ಇದಕ್ಕೆ ಚಾಲ್ತಿಯಲ್ಲಿರುವ ಕನ್ನಡ ‘ಸಾಮಾಜಿಕ ತನಿಖಾ ವರದಿ’. ತನಿಖೆ ಎಂದರೆ ಪೊಲೀಸರದು ಎಂಬುದು ಕನ್ನಡಿಗರಿಗೆ ಬಾಲ್ಯದಿಂದಲೇ ಗೊತ್ತು. ‘ಸಾಮಾಜಿಕ ತನಿಖೆಗೆ ಬಂದಿದ್ದೇನೆ’ ಎಂದೊಡನೆ ತಾಯಿಯ ಬಾಯಿ ಕಟ್ಟುತ್ತದೆ, ನೆರೆಯವರ ಬಾಯಿ ತೆರೆಯುತ್ತದೆ. ವಿಚಿತ್ರ ನೋಡಿ: ಇದೇ ವ್ಯವಸ್ಥೆಯಲ್ಲಿ ಪೊಲೀಸರು ಆರಂಭದಲ್ಲಿ ತುಂಬುವ ನಮೂನೆಗೆ ‘ಸಾಮಾಜಿಕ ಹಿನ್ನೆಲೆ ವರದಿ’ ಎಂಬ ಸೌಮ್ಯವಾದ ಹೆಸರು. ಪೊಲೀಸರು ಹಿನ್ನೆಲೆ ಬರೆಯುತ್ತಾರೆ, ಸಮಾಜಕಾರ್ಯ ಓದಿ ಬಂದವರು ತನಿಖೆ ಮಾಡುತ್ತಾರೆ! ಇಂಗ್ಲಿಷಿನಲ್ಲೇ ಹಾಗಿದೆ ಎಂಬುದು ನಿಜ. ಆದರೆ ಇಂಗ್ಲಿಷಿನ ‘ಇನ್ವೆಸ್ಟಿಗೇಷನ್’ ವೈದ್ಯರ ತಪಾಸಣೆಗೂ ಸಲ್ಲುತ್ತದೆ, ನಮ್ಮ ತನಿಖೆ ಠಾಣೆ ಬಿಟ್ಟು ದೂರ ಹೋಗುವುದಿಲ್ಲ. ‘ಸ್ಥಿತಿಗತಿ ವರದಿ’ ಎಂದರೆ ಹೇಗೆ? ಅಥವಾ ಮದುವೆ ಸಂಬಂಧ ನೋಡುವಾಗ ಹೇಳುವ ‘ಮನೆತನ ವಿಚಾರಿಸುವುದು’ ಎಂಬ ಮಾತಿನಿಂದ ಏನಾದರೂ ಹುಟ್ಟಿಸಬಹುದೇ?

ಪದಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಅತಿಯಾಯಿತು ಎನ್ನುವವರಿಗೆ ಅದೇ ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್ ತೋರಿಸುತ್ತೇನೆ. ಮಗುವಿಗೆ ಸಂಬಂಧಿಸಿದ ಪ್ರಕ್ರಿಯೆಯಲ್ಲಿ ಆರೋಪಿಸುವ, ಕಳಂಕ ಹಚ್ಚುವ ಮಾತುಗಳನ್ನು ಬಳಸಬಾರದು ಎಂಬುದನ್ನು ಅದು ಮೂಲತತ್ತ್ವಗಳಲ್ಲಿ ಒಂದಾಗಿ ಇಟ್ಟಿದೆ. ಅದರಂತೆ ‘ಬಾಲಾಪರಾಧಿ’ ಹೋಗಿ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಬಂದಿತು. ಪತ್ರಿಕೆಯ ಒಂದು ಕಾಲಂ ಶೀರ್ಷಿಕೆಗೆ ಅದು ಹಿಡಿಯುವುದಿಲ್ಲ, ಹಾಗಾಗಿ ‘ಬಾಲಾಪರಾಧಿ’ ಇನ್ನೂ ಸುಖವಾಗಿದ್ದಾನೆ. ತತ್ತ್ವ ಸರಿ, ಪದ ಬಾಳಲಿಲ್ಲ. ನಮ್ಮ ಕೈಪಿಡಿಗೂ ಈ ಗತಿ ಬರಬಾರದು ಎಂಬುದೇ ನನ್ನ ಆತಂಕ.

ಈಗ ನನ್ನ ಸಲಹೆ. ಪ್ರೊಬೇಷನ್‌ನ ಮೂಲ ಲ್ಯಾಟಿನ್‌ನಲ್ಲಿ ಪರೀಕ್ಷಿಸು, ಒರೆಗೆ ಹಚ್ಚು ಎಂಬ ಅರ್ಥದ ಧಾತು. ಅಚ್ಚಗನ್ನಡದ ಗೆಳೆಯರು ‘ಒರೆಗಾಲ’ ಎನ್ನಬಹುದು; ಕೇಳಲು ಚೆನ್ನಾಗಿದೆ, ಆದರೆ ಅದೂ ಮನುಷ್ಯನನ್ನು ಪರೀಕ್ಷೆಗೆ ಕೂರಿಸುತ್ತದೆ. ಧಾತುವನ್ನು ಬಿಟ್ಟು ಈ ಪದ್ಧತಿ ಹುಟ್ಟಿದ ಬಗೆಯನ್ನು ನೋಡೋಣ. 1841ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ಅಗಸ್ಟಸ್ ಎಂಬ ಚಮ್ಮಾರ, ಕುಡಿದು ಸಿಕ್ಕಿಬಿದ್ದು ಜೈಲಿಗೆ ಹೊರಟಿದ್ದ ಒಬ್ಬನಿಗೆ ನ್ಯಾಯಾಲಯದಲ್ಲಿ ತಾನೇ ಜಾಮೀನು ನಿಂತು ಬಿಡಿಸಿಕೊಂಡು ಬಂದ. ಕೆಲವು ವಾರಗಳ ನಂತರ ನ್ಯಾಯಾಧೀಶರೆದುರು ಕರೆದೊಯ್ದಾಗ ಅವನು ಕುಡಿತ ಬಿಟ್ಟು ಬೇರೆಯೇ ಮನುಷ್ಯನಾಗಿದ್ದ. ಆಮೇಲೆ ಅಗಸ್ಟಸ್ ಅದನ್ನೇ ಬದುಕಿನ ಕೆಲಸ ಮಾಡಿಕೊಂಡ. ಅಂದರೆ ಮೊದಲ ಪ್ರೊಬೇಷನ್ ಅಧಿಕಾರಿ ಮಾಡಿದ್ದು ಹೊಣೆ ನಿಲ್ಲುವ ಕೆಲಸ.

‘ಹೊಣೆ’ ಎಂಬ ಕನ್ನಡ ಪದಕ್ಕೆ, ಹಳಗನ್ನಡದ ‘ಪೊಣೆ’ಗೆ, ಜಾಮೀನು ಎಂಬುದೇ ಮುಖ್ಯಾರ್ಥ. ಇಂದು ನಾವು ಅದನ್ನು ಜವಾಬ್ದಾರಿ ಎಂಬ ಅರ್ಥದಲ್ಲಿ ಹೆಚ್ಚು ಬಳಸುತ್ತೇವೆ. ಎರಡೂ ಅರ್ಥ ಇಲ್ಲಿ ಒದಗುತ್ತವೆ: ಒಬ್ಬರು ಅವನ ಪರವಾಗಿ ನಿಂತಿದ್ದಾರೆ, ಅವನಿಗೂ ತನ್ನ ನಡತೆಯ ಜವಾಬ್ದಾರಿ ಇದೆ. ಆದ್ದರಿಂದ ‘ಹೊಣೆಯ ಮೇಲೆ ಬಿಡುವುದು’, ‘ಹೊಣೆಯವಧಿ’ ಎಂದು ಕೈಪಿಡಿಯಲ್ಲಿ ಬಳಸಬೇಕೆಂದಿದ್ದೇನೆ. ಅಧಿಕಾರಿಯ ಹುದ್ದೆಯ ಹೆಸರನ್ನು ಮಾತ್ರ ಕಚೇರಿಯ ಬೋರ್ಡಿನಲ್ಲಿ ಇರುವಂತೆಯೇ ಬಿಡುತ್ತೇನೆ, ಇಲ್ಲದಿದ್ದರೆ ಜನರಿಗೆ ಬಾಗಿಲು ಸಿಗುವುದಿಲ್ಲ. ಆಕ್ಷೇಪವೂ ನನಗೆ ಕಾಣುತ್ತಿದೆ. ಅಧಿಕಾರಿಯನ್ನೇ ಜಾಮೀನುದಾರ ಎಂದು ತಿಳಿದು, ಹುಡುಗ ಓಡಿಹೋದರೆ ಹಣ ಅವರೇ ಕಟ್ಟುತ್ತಾರೆ ಎಂದುಕೊಳ್ಳಬಹುದು. ಮುಚ್ಚಳಿಕೆಗೆ ಬೇರೆ ಜಾಮೀನುದಾರರನ್ನು ನ್ಯಾಯಾಲಯ ಕೇಳಿದ್ದರಂತೂ ಗೊಂದಲ ಖಚಿತ. ಒಂದು ಸಾಲಿನ ವಿವರಣೆ ಇದನ್ನು ಸರಿಪಡಿಸೀತು ಎಂಬುದು ನನ್ನ ಅಂದಾಜು.

‘ಮುಚ್ಚಳಿಕೆ’ಯನ್ನು ಮಾತ್ರ ಬದಲಿಸುವ ಪ್ರಶ್ನೆಯೇ ಇಲ್ಲ. ತುರ್ಕಿ ಮೂಲದ ಈ ಪದ ಪಾರಸಿಯ ಮೂಲಕ ಬಂದು, ನಮ್ಮ ‘ಮುಚ್ಚಳ’ದ ನೆಂಟನಂತೆ ಮನೆಯೊಳಗೆ ಕುಳಿತಿದೆ. ‘ಬಂಧಪತ್ರ’ ಎಂದು ತಿದ್ದಿದ ಕರಡೊಂದು ನನ್ನ ಮೇಜಿನ ಮೇಲಿದೆ. ಕೈಗೆ ಕೋಳ ಹಾಕುವ ಕಾಗದದಂತೆ ಕೇಳಿಸುತ್ತದೆ.

ಪ್ರೊಬೇಷನ್ ಕಾಯ್ದೆಯ 3ನೇ ಸೆಕ್ಷನ್‌ನ ‘ಬುದ್ಧಿ ಹೇಳಿ ಬಿಡುವುದಕ್ಕೆ’ ಪತ್ರಿಕೆಗಳ ‘ಛೀಮಾರಿ’ ಬೇಡವೇ ಬೇಡ. ಧರ್ಮಶಾಸ್ತ್ರಗಳಲ್ಲಿ ಶಿಕ್ಷೆಗೆ ಮಾತಿನಿಂದ ತಿದ್ದುವ ವಾಗ್ದಂಡ, ಧಿಕ್ಕರಿಸುವ ಧಿಗ್ದಂಡ, ಹಣ ಕಟ್ಟಿಸುವ ಧನದಂಡ, ದೇಹಕ್ಕೇ ಬೀಳುವ ವಧದಂಡ ಎಂಬ ನಾಲ್ಕು ಬಗೆಗಳಿವೆ. ನಮ್ಮ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದದ್ದು ಈ ನಾಲ್ಕನ್ನೂ ಹೇಳುವ ಯಾಜ್ಞವಲ್ಕ್ಯ ಸ್ಮೃತಿಗೇ. ಛೀಮಾರಿ ಎಂದರೆ ಅಲ್ಲಿನ ಧಿಗ್ದಂಡ. ನಮಗೆ ಬೇಕಾದದ್ದು ವಾಗ್ದಂಡ. ಆದರೂ ಕೈಪಿಡಿಯಲ್ಲಿ ‘ಬುದ್ಧಿ ಹೇಳಿ ಕಳುಹಿಸುವುದು’ ಎಂದೇ ಬರೆಯುತ್ತೇನೆ. ಅದಕ್ಕಿಂತ ತಿಳಿಯಾದದ್ದು ಇಲ್ಲ.

ಉಳಿದವು ಚಿಕ್ಕವು. ಸಮಾಜಕಾರ್ಯದ ಬರಹಗಳಲ್ಲಿ ‘ಕ್ಲೈಂಟ್’ ಎಂಬುದಕ್ಕೆ ಕಾಣುವ ‘ಸೇವಾರ್ಥಿ’ ದೇವಸ್ಥಾನದ ರಸೀದಿ ನೆನಪಿಸುತ್ತದೆ, ‘ಕಕ್ಷಿದಾರ’ ವಕೀಲರ ಸ್ವತ್ತು, ‘ಫಲಾನುಭವಿ’ ಎಂದರೆ ಹೊಲಿಗೆ ಯಂತ್ರ ಪಡೆದವರು; ನಾನು ‘ವ್ಯಕ್ತಿ’ ಎಂದು ಬರೆದು ಮುಂದೆ ಸಾಗಿದ್ದೇನೆ. ‘ಪುನರ್ವಸತಿ’ ಎಂದರೆ ಬಾಗಲಕೋಟೆ ಕಡೆಯವರಿಗೆ ಕೃಷ್ಣೆಯ ಹಿನ್ನೀರು, ಮುಳುಗಡೆ, ಹೊಸ ನಿವೇಶನ. ಸಂಸ್ಥೆಯಿಂದ ಹೊರಬಂದ ಮೇಲಿನ ಆಸರೆಗೆ ‘ಅನುಪಾಲನೆ’ ಎಂದು ಬರೆದದ್ದನ್ನು ಕಂಡಿದ್ದೇನೆ, ಆದರೆ ಕಚೇರಿಗಳಲ್ಲಿ ‘ಅನುಪಾಲನಾ ವರದಿ’ ಎಂದರೆ ಹೇಳಿದ್ದನ್ನು ಮಾಡಿ ಮುಗಿಸಿದೆವೆಂಬ ಕಾಗದ. ‘ಒತ್ತಾಸೆ’ ಇಲ್ಲಿ ಹೊಂದೀತೇ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳವು, ಕುಡಿದು ಸಾರ್ವಜನಿಕವಾಗಿ ಗಲಾಟೆ ಮಾಡುವುದು ಮುಂತಾದ ಕೆಲವಕ್ಕೆ ‘ಸಮುದಾಯ ಸೇವೆ’ಯನ್ನು ಶಿಕ್ಷೆಯಾಗಿ ಸೇರಿಸಿದೆ. ಸೇವೆ ಎಂದರೆ ಒಲಿದು ಮಾಡುವುದು ಎಂದು ನಂಬಿದ ನುಡಿಯಲ್ಲಿ ಇದು ಹೇಗೆ ಕೂರುತ್ತದೆಯೋ, ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ತಿಳಿಸಿ.

ಮುಖ್ಯವಾಗಿ ಎರಡು ಕೋರಿಕೆ. ಹೊಣೆ ಅಥವಾ ಪೊಣೆ ಎಂಬುದು ಜಾಮೀನಿನ ಅರ್ಥದಲ್ಲಿ ಶಾಸನಗಳಲ್ಲೋ ಕಾವ್ಯಗಳಲ್ಲೋ ಬಂದಿರುವ ಪ್ರಯೋಗಗಳು ಗೊತ್ತಿದ್ದವರು ಸಾಲು ಸಮೇತ ಕಳುಹಿಸಬೇಕು. ಕರಾವಳಿ, ಮಲೆನಾಡು, ಕಲ್ಯಾಣ ಕರ್ನಾಟಕದ ಕಡೆ ‘ಹೊಣೆ ನಿಲ್ಲು’ ಎಂಬ ಮಾತು ಆಡುನುಡಿಯಲ್ಲಿ ಇನ್ನೂ ಇದೆಯೇ, ಇದ್ದರೆ ಸಾಲಕ್ಕೆ ಮಾತ್ರವೋ, ಮನುಷ್ಯರಿಗೂ ಸಲ್ಲುತ್ತದೆಯೋ ಎಂಬುದನ್ನೂ ತಿಳಿಸಬೇಕು. ಸಾಲಕ್ಕೆ ಮಾತ್ರ ಎಂದಾದರೆ ನಾನು ಬೇರೆ ಪದ ಹುಡುಕಬೇಕಾಗುತ್ತದೆ. ಕರಡು ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗಲಿದೆ, ಅಷ್ಟರೊಳಗೆ ಬರೆದರೆ ಉಪಕಾರ.