ಘಾನಾದ ಅಕ್ರಾದಲ್ಲಿ ಬಾಡಿಗೆ ಕಾರು: ನಾವೇ ಓಡಿಸೋದೋ, ಚಾಲಕರ ಸಮೇತ ತಗೊಳ್ಳೋದೋ?

ಪ್ರಶ್ನೆ, ಹುಬ್ಬಳ್ಳಿಯಿಂದ:
ಆಗಸ್ಟಿನಲ್ಲಿ ಆರು ದಿನಕ್ಕೆ ಅಕ್ರಾಗೆ ಬರುತ್ತಿದ್ದೇವೆ. ನಾವಿಬ್ಬರು, ಅತ್ತೆ, ನಾಲ್ಕು ವರ್ಷದ ಮಗಳು. ಎರಡು ದಿನ ಊರೊಳಗೆ, ಆಮೇಲೆ ಕೇಪ್ ಕೋಸ್ಟ್, ಕಾಕುಮ್ ಕಾಡು, ಅಕೊಸೊಂಬೊ ಅಣೆಕಟ್ಟು. ಕಾರು ಬಾಡಿಗೆಗೆ ಹಿಡಿದು ನಾನೇ ಓಡಿಸಬೇಕೆಂದಿದ್ದೇನೆ. ಅಲ್ಲಿದ್ದು ಗೊತ್ತಿರುವವರು ದಯವಿಟ್ಟು ಹೇಳಿ.

ಅಕ್ರಾದ ಓಸುವಿನಿಂದ:
ಊರೊಳಗಿನ ಎರಡು ದಿನಕ್ಕೆ ಬಾಡಿಗೆ ಕಾರು ಬೇಡವೇ ಬೇಡ ಸರ್. ಬೋಲ್ಟ್, ಊಬರ್, ಯಾಂಗೊ ಮೂರೂ ಇವೆ. ಚಾಲಕರಿಗೆ ನಗದೇ ಇಷ್ಟ, ಸಣ್ಣ ಸೇಡಿ (ಇಲ್ಲಿನ ಹಣ) ನೋಟುಗಳಿರಲಿ. ಕೊಡುವಾಗ ಬಲಗೈಯಲ್ಲೇ ಕೊಡಿ, ಎಡಗೈ ಚಾಚುವುದು ನಮ್ಮಲ್ಲಿಯಂತೆ ಇಲ್ಲಿಯೂ ಅಗೌರವ.

ಹೊರಗಿನ ದಿನಗಳಿಗೆ ಚಾಲಕರ ಸಮೇತ ಕಾರು ತಗೊಳ್ಳಿ. ಇಲ್ಲಿ ದರ ಹೇಳುವುದೇ ಎರಡು ಬಗೆಯಲ್ಲಿ: ಅಕ್ರಾದೊಳಗೆ ಒಂದು, ಅಕ್ರಾದ ಹೊರಗೆ ಇನ್ನೊಂದು. ಅಕ್ರಾದ ಆಸುಪಾಸಿನ ಊರುಗಳಾದ ಟೆಮಾ, ಅಬುರಿ, ಕಸೋವಾ ಯಾವ ಲೆಕ್ಕಕ್ಕೆ ಬರುತ್ತವೆ ಎಂದು ಮೊದಲೇ ಕೇಳಿಕೊಳ್ಳಿ, ಜಗಳ ಹುಟ್ಟುವುದು ಅಲ್ಲೇ. ಹೇಳಿದ ದರದಲ್ಲಿ ಇಂಧನ ಸಾಮಾನ್ಯವಾಗಿ ಸೇರಿರುವುದಿಲ್ಲ. ರಾತ್ರಿ ಉಳಿದರೆ ಚಾಲಕರ ಊಟ, ವಸತಿ ನಿಮ್ಮದು. ದಿನ ಅಂದರೆ ಎಷ್ಟು ಗಂಟೆ, ಮೀರಿದರೆ ಗಂಟೆಗೆ ಎಷ್ಟು, ತೆರಿಗೆ ಸೇರಿದೆಯೋ ಇಲ್ಲವೋ, ಕಾರು ಕೆಟ್ಟರೆ ಬದಲಿ ಕಾರು ಎಷ್ಟು ಹೊತ್ತಿನಲ್ಲಿ ಬರುತ್ತದೆ, ಇಷ್ಟನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಂದ ಕೊನೆಯ ದಿನ ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಮಾತು. ನೀವೇ ಓಡಿಸುವ ಕಾರನ್ನು ಎಷ್ಟೋ ಕಡೆ ಅಕ್ರಾ ಬಿಟ್ಟು ಹೊರಗೆ ಒಯ್ಯಲು ಬಿಡುವುದಿಲ್ಲ. ನಿಮಗೆ ಬೇಕಾದದ್ದೇ ಹೊರಗಿನ ದಾರಿ, ಹಾಗಾಗಿ ಬುಕ್ ಮಾಡುವ ಮುಂಚೆ ಈ ಪ್ರಶ್ನೆ ಕೇಳಿ.

ಟೆಮಾದಿಂದ:
ಚಾಲಕರ ಸಮೇತ ಅನ್ನುವ ಮಾತಿಗೆ ನನ್ನದೂ ಒಪ್ಪಿಗೆ. ಆದರೂ ಓಡಿಸಲೇಬೇಕು ಅಂದರೆ ಅಕೊಸೊಂಬೊ ದಾರಿ ಒಂದನ್ನು ಆರಿಸಿಕೊಳ್ಳಿ. ಅಕ್ರಾದ ನಡುಭಾಗ ಬೇಡ.

ಘಾನಾದಲ್ಲಿ 1974ರ ಆಗಸ್ಟ್ 4ರಿಂದ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ, ಸ್ಟೀರಿಂಗ್ ಎಡಕ್ಕೆ. ಭಾರತದಲ್ಲಿ ಓಡಿಸಿ ರೂಢಿಯಾದ ಕೈ ಇದಕ್ಕೆ ಬಗ್ಗಲು ಎರಡು ದಿನವಾದರೂ ಬೇಕು. ನಮ್ಮ ಹೆಚ್ಚಿನ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಬಲಗಡೆ, ಇಲ್ಲಿ ಎಡಗಡೆ. ತಿರುವಿನಲ್ಲಿ ಇಂಡಿಕೇಟರ್ ಬದಲು ವೈಪರ್ ಓಡುತ್ತದೆ, ಹಿಂದಿನವನಿಗೆ ನೀವು ತಿರುಗುವುದೇ ಗೊತ್ತಾಗುವುದಿಲ್ಲ. ಅದಕ್ಕಿಂತ ಅಪಾಯದ್ದು ಬೇರೆ ಇದೆ. ಬಲಗಡೆ ಕೂತು ಓಡಿಸಿ ರೂಢಿಯಾದವರು ಎಡಗಡೆ ಕೂತಾಗ ಕಾರನ್ನು ಗೊತ್ತಿಲ್ಲದೆ ಬಲಕ್ಕೆ ಜಾರಿಸುತ್ತಾರೆ, ಯಾಕೆಂದರೆ ಕಾರಿನ ಬಹುಪಾಲು ಅಗಲ ಈಗ ಅವರ ಬಲಕ್ಕಿದೆ. ಅಕ್ರಾದಲ್ಲಿ ರಸ್ತೆಯ ಬಲ ಅಂಚಿಗೆ ಮುಚ್ಚಳವಿಲ್ಲದ ಕಾಂಕ್ರೀಟ್ ಚರಂಡಿ. ಒಂದು ಚಕ್ರ ಇಳಿದರೆ ಕಾರಿನ ತಳ ಅಂಚಿಗೆ ಕೂರುತ್ತದೆ, ಎತ್ತಿಸಲು ನಾಲ್ಕಾರು ಜನ ಬೇಕು. ಎಡಗಡೆಯ ಗೆರೆ ನಿಮ್ಮ ದೇಹಕ್ಕೆ ಹತ್ತಿರ ಇರುವಂತೆ ನೋಡಿಕೊಂಡು ಓಡಿಸಿದರೆ ಜಾರುವುದು ತಪ್ಪುತ್ತದೆ.

ಸರ್ಕಲ್ಲಿನಲ್ಲಿ ವಾಹನಗಳು ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತುತ್ತವೆ, ಒಳಗಿರುವವರಿಗೆ ಮೊದಲ ಹಕ್ಕು. ರಸ್ತೆಗೆ ಸೇರುವಾಗ ಮೊದಲು ಎಡಕ್ಕೆ ನೋಡಿ. ಟ್ರೊಟ್ರೊ ಅನ್ನುವ ಮಿನಿಬಸ್ಸುಗಳು ಇಂಡಿಕೇಟರ್ ಹಾಕದೆ ನಿಲ್ಲುತ್ತವೆ, ಒಕಾಡ ಅನ್ನುವ ಬಾಡಿಗೆ ಬೈಕುಗಳು ಎರಡೂ ಪಕ್ಕದಿಂದ ನುಗ್ಗುತ್ತವೆ. ಕರೆಂಟ್ ಹೋದರೆ (ಇಲ್ಲಿನವರು ಅದಕ್ಕೆ ದುಮ್ಸೋರ್ ಅನ್ನುತ್ತಾರೆ) ಸಿಗ್ನಲ್ಲೂ ಆರಬಹುದು. ಆಟೊಮ್ಯಾಟಿಕ್ ಕಾರೇ ಕೇಳಿ, ಬಲಗೈಯಲ್ಲಿ ಗೇರ್ ಬದಲಿಸುವ ತಾಪತ್ರಯವಾದರೂ ಇರುವುದಿಲ್ಲ.

ಹುಬ್ಬಳ್ಳಿಯಿಂದ:
ತುಂಬಾ ಉಪಕಾರವಾಯಿತು. ನಮ್ಮ ಲೈಸೆನ್ಸ್ ನಡೆಯುತ್ತದೆಯೇ? ಮಗಳಿಗೆ ಸೀಟು ಸಿಗುತ್ತದೆಯೇ?

ಟೆಮಾದಿಂದ:
ಹೊರಡುವ ಮುಂಚೆ ನಿಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಸಾರಥಿ ಜಾಲತಾಣದಲ್ಲಿ ನಮೂನೆ 4ಎ ತುಂಬಿ ಅರ್ಜಿ ಹಾಕಬೇಕು, ಶುಲ್ಕ 1,000 ರೂಪಾಯಿ, ಪಾಸ್‌ಪೋರ್ಟ್ ಪ್ರತಿ ಬೇಕು. ಅವಧಿ ಒಂದು ವರ್ಷ, ನಿಮ್ಮ ಲೈಸೆನ್ಸ್ ಅದಕ್ಕಿಂತ ಮೊದಲು ಮುಗಿದರೆ ಅಲ್ಲಿಯವರೆಗೆ ಮಾತ್ರ. ಮೂಲ ಲೈಸೆನ್ಸ್ ಕಾರ್ಡೂ ಜೊತೆಗಿರಬೇಕು. ಚಾಲಕರನ್ನೇ ತಗೊಂಡರೆ ಇದ್ಯಾವುದೂ ಬೇಡ. ಮಗುವಿನ ಸೀಟು ಬಾಡಿಗೆಯವರ ಹತ್ತಿರ ಇರುತ್ತದೆ ಎಂದು ನಂಬಿ ಬರಬೇಡಿ. ಮಡಚುವಂಥ ಬೂಸ್ಟರ್ ಊರಿನಿಂದಲೇ ತನ್ನಿ, ಜೊತೆಗೆ ಹಿಂದಿನ ಸೀಟಿನ ಬೆಲ್ಟ್ ಕ್ಲಿಪ್ಪಿಗೆ ಕೂರುತ್ತದೆಯೇ ಎಂದು ಎಳೆದು ನೋಡಿ. ಕ್ಲಿಪ್ಪು ಸೀಟಿನ ಕೆಳಗೆ ಹೂತುಹೋಗಿರುವ ಕಾರುಗಳು ಬಹಳ.

ಕುಮಾಸಿಯಿಂದ:
ಕಾರು ಕೈಗೆ ಬಂದಾಗ ಹಗಲು ಬೆಳಕಿನಲ್ಲಿ ಅರ್ಧ ಗಂಟೆ ಇಟ್ಟುಕೊಳ್ಳಿ. ಮೊದಲು ಟೈರ್. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೊರದೇಶದಿಂದ ಬಂದ ಹಳೆ ಟೈರುಗಳು ಇಲ್ಲಿ ಧಾರಾಳವಾಗಿ ಮಾರಾಟವಾಗುತ್ತವೆ. ಮೇಲಿನ ಹಲ್ಲು ಚೆನ್ನಾಗಿದ್ದರೂ ರಬ್ಬರು ಒಣಗಿ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ, ಬಿಸಿಲಲ್ಲಿ ವೇಗವಾಗಿ ಹೋಗುವಾಗ ಒಡೆಯುವುದು ಅಂಥದ್ದೇ. ಆರು ವರ್ಷ ದಾಟಿದ್ದರೆ ಬೇರೆ ಕಾರು ಕೇಳಿ. ಸ್ಟೆಪ್ನಿ, ಜಾಕ್, ಸ್ಪ್ಯಾನರ್ ನೋಡಿ, ಅಲಾಯ್ ಚಕ್ರಕ್ಕೆ ಲಾಕ್ ನಟ್ ಇದ್ದರೆ ಅದರ ಕೀಲಿಯನ್ನೂ ಕೇಳಿ. ಅದೊಂದಿಲ್ಲದಿದ್ದರೆ ಸ್ಟೆಪ್ನಿ ಇದ್ದೂ ಇಲ್ಲದಂತೆ. ಎಸಿಯನ್ನು ನಿಂತ ಕಾರಿನಲ್ಲಿ ಹತ್ತು ನಿಮಿಷ ಓಡಿಸಿ ನೋಡಿ. ಓಡುವಾಗ ತಂಪಾಗಿದ್ದು ಟ್ರಾಫಿಕ್ಕಿನಲ್ಲಿ ಬಿಸಿಗಾಳಿ ಬಿಡುವ ಎಸಿಯೇ ಹೆಚ್ಚು. ಆಮೇಲೆ ಬಂಪರಿನ ಅಡಿ, ಬಾಗಿಲ ಕೆಳಗಿನ ಪಟ್ಟಿ ಸೇರಿ ಸುತ್ತಲೂ ವಿಡಿಯೊ ತೆಗೆಯಿರಿ. ಚರಂಡಿ ತಾಗಿದ ಗೀರುಗಳು ಇರುವುದು ಅಲ್ಲೇ, ಮುಂಗಡದಿಂದ ಹಣ ಕಳೆಯುವುದೂ ಅವುಗಳ ನೆಪದಲ್ಲೇ.

ಗಾಜಿನ ಮೇಲಿನ ವಿಮೆ ಮತ್ತು ರೋಡ್‌ವರ್ದಿ (ವಾಹನ ರಸ್ತೆಗೆ ಯೋಗ್ಯ ಎನ್ನುವ) ಸ್ಟಿಕ್ಕರುಗಳ ದಿನಾಂಕ ನೋಡಿ. ಬಿಳಿ ನಂಬರ್ ಪ್ಲೇಟ್ ಖಾಸಗಿ, ಹಳದಿಯದು ವಾಣಿಜ್ಯ. ಬಿಳಿ ಪ್ಲೇಟಿನ ಕಾರು ಕೊಟ್ಟರೆ ವಿಮೆ ಬಾಡಿಗೆ ಬಳಕೆಗೂ ಅನ್ವಯಿಸುತ್ತದೆಯೇ ಎಂದು ಕಾಗದ ತೋರಿಸಲು ಹೇಳಿ. ಖಾಸಗಿ ಬಳಕೆಗೆ ಮಾತ್ರ ಮಾಡಿಸಿದ ವಿಮೆಯಾದರೆ ಅಪಘಾತವಾದ ದಿನ ಪರಿಹಾರಕ್ಕೆ ತೊಡಕು. ಡಿಕ್ಕಿಯಲ್ಲಿ ಎಚ್ಚರಿಕೆಯ ತ್ರಿಕೋನ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು, ಚೆಕ್‌ಪೋಸ್ಟಿನಲ್ಲಿ ಮೊದಲು ಕೇಳುವುದೇ ಅವನ್ನು.

ಪೊಲೀಸರು ನಿಲ್ಲಿಸಿದರೆ ಗಾಜು ಇಳಿಸಿ, ಮೊದಲು ನಮಸ್ಕಾರ ಹೇಳಿ, ಆಮೇಲೆ ಕಾಗದ. ಈ ಕ್ರಮಕ್ಕೆ ಇಲ್ಲಿ ಬಹಳ ಬೆಲೆ. ತಪ್ಪು ಹುಡುಕಿ ಹಣ ಕೇಳಿದರೆ ದನಿ ಏರಿಸದೆ ರಸೀದಿ ಕೇಳಿ, ಠಾಣೆಗೇ ಹೋಗೋಣ ಎನ್ನಿ. ಯಾರಿಗಾದರೂ ಕಾರು ತಾಗಿದರೆ ಕದಲಿಸುವ ಮುಂಚೆ ಫೋಟೊ, ಆಮೇಲೆ ಪೊಲೀಸ್ ವರದಿ. ವರದಿ ಇಲ್ಲದೆ ವಿಮೆ ಕೈಗೆ ಬರುವುದಿಲ್ಲ. ತುರ್ತಿಗೆ 112. ಪಂಕ್ಚರ್ ಹಾಕುವವರಿಗೆ ಇಲ್ಲಿ ವಲ್ಕನೈಸರ್, ಮೆಕ್ಯಾನಿಕ್‌ಗೆ ಫಿಟ್ಟರ್, ಪೆಟ್ರೋಲ್‌ಗೆ ಸೂಪರ್ ಅನ್ನುತ್ತಾರೆ.

ಕೇಪ್ ಕೋಸ್ಟಿನಿಂದ:
ಅಕ್ರಾದಿಂದ ಇಲ್ಲಿಗೆ ಎನ್1 ಹೆದ್ದಾರಿಯಲ್ಲಿ ಸುಮಾರು 150 ಕಿ.ಮೀ. ದೂರ ಹೆಚ್ಚಲ್ಲ, ಅಕ್ರಾದ ಪಶ್ಚಿಮ ಅಂಚಿನ ಮಲ್ಲಮ್‌ನಿಂದ ಕಸೋವಾ ದಾಟುವುದೇ ಕಷ್ಟ. ಬೆಳಿಗ್ಗೆ 5ಕ್ಕೆ ಹೊರಟರೆ ಮೂರು ಗಂಟೆಯ ಆಸುಪಾಸು, 7ಕ್ಕೆ ಹೊರಟರೆ ಲೆಕ್ಕ ಹೇಳಲಾಗದು. ವಾಪಸಾತಿ ಭಾನುವಾರ ಸಂಜೆಗೆ ಇಡಬೇಡಿ. ಕಾಕುಮ್ ಇಲ್ಲಿಂದ ಉತ್ತರಕ್ಕೆ ಸುಮಾರು 30 ಕಿ.ಮೀ.; ಎಲ್ಮಿನಾ ಕೋಟೆ ಪಶ್ಚಿಮಕ್ಕೆ, ಅರ್ಧ ಗಂಟೆಯೊಳಗಿನ ದಾರಿ. ಎರಡನ್ನೂ ಒಂದೇ ದಿನಕ್ಕೆ ತುರುಕದೆ ಇಲ್ಲಿ ಒಂದು ರಾತ್ರಿ ಉಳಿಯಿರಿ, ಅತ್ತೆಯವರಿಗೂ ಸುಧಾರಿಸಿಕೊಳ್ಳಲು ಆಗುತ್ತದೆ.

ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಇರಬೇಡಿ, ಚಾಲಕರಿದ್ದರೂ ಅಷ್ಟೇ. ಕೆಟ್ಟುನಿಂತ ಲಾರಿಗಳಿಗೆ ಹಿಂದೆ ದೀಪವಿರುವುದಿಲ್ಲ. ರಸ್ತೆ ಮೇಲೆ ಸೊಪ್ಪಿನ ಕೊಂಬೆಗಳು ಬಿದ್ದಿದ್ದು ಕಂಡರೆ ಗಾಳಿಗೆ ಬಿದ್ದವೆಂದು ಭಾವಿಸದೆ ತಕ್ಷಣ ವೇಗ ಇಳಿಸಿ: ಮುಂದೆ ವಾಹನ ನಿಂತಿದೆ ಎನ್ನುವುದಕ್ಕೆ ಹಾಕುವ ಗುರುತು ಅದು.