ಬಾಲಮಂದಿರದ ಮಕ್ಕಳು ಕುಟುಂಬದ ಸಭೆಯಲ್ಲಿ ಬಾಯಿ ಬಿಡುವಂತೆ ಮಾಡುವುದು ಹೇಗೆ?

ಪ್ರಶ್ನೆ – ಆಪ್ತಸಮಾಲೋಚಕಿ
ನಮಸ್ಕಾರ. ನಾನು ಆರೈಕೆ, ರಕ್ಷಣೆ ಬೇಕಾದ ಬಾಲಕಿಯರನ್ನು ಇರಿಸಿಕೊಳ್ಳುವ ಬಾಲಮಂದಿರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಮಗುವನ್ನು ಮನೆಗೆ ಕಳಿಸುವ ಮುನ್ನ ತಾಯಿ, ಸೋದರಮಾವ, ಅಜ್ಜಿ ಮುಂತಾದವರನ್ನು ಕರೆಸಿ, ಅದು ಯಾರ ಬಳಿ ಇರಬೇಕು, ಯಾವ ಶಾಲೆಗೆ ಹೋಗಬೇಕು ಎಂದು ಚರ್ಚಿಸುತ್ತೇವೆ. ಹಿಂದಿನ ದಿನ ನನ್ನೊಡನೆ ಎಲ್ಲವನ್ನೂ ಬಿಚ್ಚಿ ಹೇಳಿದ ಹುಡುಗಿ, ಸಭೆಯಲ್ಲಿ ಹಿರಿಯರ ಮುಂದೆ ‘ನೀವು ಹೇಳಿದ ಹಾಗೆ’ ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಾಳೆ. ಇದಕ್ಕೇನು ಮಾಡಬಹುದು?

ಉತ್ತರ 1 – ಮಕ್ಕಳ ಕಲ್ಯಾಣ ಸಮಿತಿಯ ಮಾಜಿ ಸದಸ್ಯ
ಮೇಡಂ, ತನ್ನ ಹಿತಕ್ಕೆ ಸಂಬಂಧಿಸಿದ ಎಲ್ಲ ತೀರ್ಮಾನಗಳಲ್ಲೂ ಭಾಗವಹಿಸುವ ಹಕ್ಕು ಮಗುವಿಗಿದೆ, ಅದರ ಅಭಿಪ್ರಾಯವನ್ನು ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಪರಿಗಣಿಸಬೇಕು ಎಂದು 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಮು ಹೇಳುತ್ತದೆ. ಆದರೆ ದೊಡ್ಡವರಿಗೆ ಎದುರು ಮಾತನಾಡಬಾರದೆಂದು ಕಲಿತು ಬೆಳೆದ ಮಗುವಿಗೆ ಕುರ್ಚಿ ಕೊಟ್ಟ ಮಾತ್ರಕ್ಕೆ ಧೈರ್ಯ ಬರುವುದಿಲ್ಲ. ಆದ್ದರಿಂದ ಸಭೆಗೆ ಮೊದಲೇ ಕುಳಿತು, ಅಲ್ಲಿ ಯಾರಿರಬೇಕು, ಯಾರಿರಬಾರದು, ಯಾವ ವಿಷಯ ಹೊರಗೆ ಬರಬಾರದು ಎಂದು ಅವಳನ್ನೇ ಕೇಳಿ. ಹೇಳಬೇಕೆಂದಿರುವುದನ್ನು ಅವಳ ಮಾತಿನಲ್ಲೇ ಬರೆದುಕೊಂಡು, ಅವಳು ಒಪ್ಪಿದರೆ ಮಾತ್ರ ನೀವು ಓದಿ. ಎಲ್ಲರೆದುರು ‘ಅಮ್ಮನ ಜೊತೆ ಹೋಗುತ್ತೀಯಾ?’ ಎಂದು ಕೇಳುವುದು ಬಹಳ ಕ್ರೂರವೆಂದು ನನಗನ್ನಿಸುತ್ತದೆ, ಏಕೆಂದರೆ ಯಾವ ಮಗುವೂ ತಾಯಿಯ ಮುಖ ನೋಡಿಕೊಂಡು ಇಲ್ಲವೆನ್ನಲಾರದು. ಮನೆಯಲ್ಲಿ ರಾತ್ರಿ ಎಲ್ಲಿ ಮಲಗುತ್ತಿದ್ದೆ, ಹೆದರಿಕೆಯಾದಾಗ ಯಾರ ಹತ್ತಿರ ಓಡುತ್ತಿದ್ದೆ ಎಂದು ಏಕಾಂತದಲ್ಲಿ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ.

ಉತ್ತರ 2 – ಆಕ್ಲೆಂಡ್‌ನಲ್ಲಿರುವ ಸಮಾಜ ಕಾರ್ಯಕರ್ತೆ
ನ್ಯೂಜಿಲೆಂಡ್‌ನಲ್ಲಿ ಕುಟುಂಬದ ಇಂಥ ಸಭೆಗೆ 1989ರ ಕಾನೂನಿನಲ್ಲೇ ಸ್ಥಾನ ದೊರೆಯಿತು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಲ್ಲಿ ಇಡೀ ಬಳಗ ಕೂಡಿ ನಿರ್ಧರಿಸುವ ಪದ್ಧತಿ ಅದಕ್ಕೆ ಪ್ರೇರಣೆ. ಅಧಿಕಾರಿಗಳು ಮಾಹಿತಿ ಕೊಟ್ಟು ಹೊರನಡೆಯುತ್ತಾರೆ, ಕುಟುಂಬದವರು ತಾವೇ ಮಾತನಾಡಿಕೊಂಡು ಯೋಜನೆ ರೂಪಿಸುತ್ತಾರೆ, ಬಳಿಕ ಎಲ್ಲರೂ ಸೇರಿ ಅದನ್ನು ಪರಿಶೀಲಿಸುತ್ತಾರೆ. ಆದರೆ ಮಗುವಿಗೆ ಅಂಜಿಕೆಯಿರುವ ವ್ಯಕ್ತಿಯೇ ಆ ಕೋಣೆಯಲ್ಲಿದ್ದರೆ ಅಧಿಕಾರಿಗಳ ಗೈರುಹಾಜರಿ ಅಪಾಯವಾದೀತು. ಅದಕ್ಕಾಗಿ ಮಗು ತಾನೇ ಆರಿಸಿಕೊಂಡ, ಅದು ನಂಬುವ ಚಿಕ್ಕಮ್ಮನೋ ಶಿಕ್ಷಕಿಯೋ ಪಕ್ಕದಲ್ಲಿ ಕೂರಲಿ.

ಉತ್ತರ 3 – ಬಾಲಮಂದಿರದಲ್ಲಿ ಬೆಳೆದವಳು
ಸಭೆಯ ನಂತರದ ವಿಷಯವನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನನ್ನು ಮನೆಗೆ ಕಳಿಸುತ್ತಾರೆಂಬುದು ನನಗೆ ತಿಳಿದದ್ದು, ಬಟ್ಟೆ ಕಟ್ಟಿಕೋ ಎಂದು ಹೇಳಿದಾಗ. ತೀರ್ಮಾನ ಏನೇ ಇರಲಿ, ಅದನ್ನೂ ಅದರ ಕಾರಣವನ್ನೂ, ಮುಖ್ಯವಾಗಿ ಅವಳ ಯಾವ ಮಾತನ್ನು ಏಕೆ ಒಪ್ಪಲಾಗಲಿಲ್ಲ ಎಂಬುದನ್ನೂ, ಅವಳಿಗೆ ಅಂದೇ ತಿಳಿಸಿ. ಇನ್ನೊಂದು ಮಾತು: ಗಂಡುಮಕ್ಕಳ ಬಾಲಮಂದಿರವೇ ಬೇರೆಯಾದ್ದರಿಂದ ಅಣ್ಣತಂಗಿಯರು ಅಗಲುತ್ತಾರೆ. ನನ್ನ ಅಣ್ಣ ಎಲ್ಲಿದ್ದಾನೆಂಬುದಕ್ಕಿಂತ ದೊಡ್ಡ ಪ್ರಶ್ನೆ ಆಗ ನನಗಿರಲಿಲ್ಲ, ಆದರೆ ಸಭೆಯಲ್ಲಿ ಅದನ್ನು ಯಾರೂ ಎತ್ತಲಿಲ್ಲ. ಅವಳಿಗೆ ಒಡಹುಟ್ಟಿದವರಿದ್ದರೆ, ದಯವಿಟ್ಟು ಅವರನ್ನೂ ಆ ದಿನ ಕರೆಸಿ, ಮೇಡಂ.