ಅಪ್‌ಡೇಟ್: ಕ್ಯಾವರ್ನ್ ಕೋರ್ಸ್ ಸದ್ಯಕ್ಕೆ ಮುಂದೂಡಿದ್ದೇನೆ
25 ಸ್ಕೂಬಾ ಡೈವ್ ಆಗಿದೆ, ಕ್ಯಾವರ್ನ್ ಕೋರ್ಸ್ ಮಾಡಿ ನೀರಿನಡಿಯ ಗುಹೆಯೊಳಗೆ, ಅದರ ಬಾಯಿಯ ಬೆಳಕು ಕಾಣುವಷ್ಟು ದೂರ ಹೋಗಬಹುದಾ ಅಂತ ಇಲ್ಲಿ ಕೇಳಿದ್ದೆ. ಡೈವ್ ಎಣಿಸಬೇಡಿ, ನೀರಿನಲ್ಲಿ ಅಲುಗಾಡದೆ ನಿಲ್ಲೋಕೆ ಬರುತ್ತಾ ನೋಡಿಕೊಳ್ಳಿ ಅಂದಿದ್ದಿರಿ. ನಿಜವಾದ ಮಾತು.

ಇನ್‌ಸ್ಟ್ರಕ್ಟರ್ ತೆರೆದ ನೀರಿನಲ್ಲೇ ಪರೀಕ್ಷೆ ಮಾಡಿದರು. ತಳದಿಂದ ಒಂದು ಮೀಟರ್ ಮೇಲೆ ತೇಲುತ್ತಾ ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳಬೇಕಿತ್ತು. ಹಾಕಿಕೊಂಡು ಕಣ್ಣು ಬಿಟ್ಟರೆ ಸುತ್ತಲೂ ಕೆಸರಿನ ಮೋಡ. ನನ್ನ ಕಾಲಿನ ಫಿನ್ (ಈಜುರೆಕ್ಕೆ) ತಳಕ್ಕೆ ಬಡಿದಿತ್ತು! ಗುಹೆಯೊಳಗಾಗಿದ್ದರೆ ಬೆಳಕೇ ಕಾಣುತ್ತಿರಲಿಲ್ಲ, ಸೀದಾ ಮೇಲೆ ಬರೋಣ ಅಂದ್ರೆ ತಲೆ ಮೇಲೆ ಬಂಡೆ. ತುಂಬಾ ಹೆದರಿದೆ.

ಈಗ ಫ್ರಾಗ್ ಕಿಕ್, ಅಂದರೆ ಕೆಸರೇಳದ ಹಾಗೆ ಕಪ್ಪೆಯಂತೆ ಕಾಲು ಬೀಸುವುದನ್ನು ಕಲಿಯುತ್ತಿದ್ದೇನೆ. ಕಣ್ಣು ಮುಚ್ಚಿ ಗೈಡ್‌ಲೈನ್ (ಹೊರದಾರಿ ತೋರಿಸುವ ಹಗ್ಗ) ಹಿಡಿದು ವಾಪಸ್ ಬರುವುದನ್ನೂ. ಮೂರನೇ ಒಂದು ಭಾಗ ಗಾಳಿ ಖರ್ಚಾಗುವಷ್ಟರಲ್ಲಿ ತಿರುಗುವ ನಿಯಮವನ್ನು ಈಗಿನಿಂದಲೇ ಪಾಲಿಸುತ್ತಿದ್ದೇನೆ: ಸಿಲಿಂಡರ್‌ನ ಗಾಳಿಯ ಒತ್ತಡ 200 ಬಾರ್ ಇದ್ದರೆ 140ಕ್ಕೆ ಇಳಿದಾಗಲೇ ವಾಪಸ್. ಮಾಸ್ಕ್ ಪರೀಕ್ಷೆ ಕೆಸರೇಳದೆ ಮುಗಿದ ಮೇಲೇ ಕೋರ್ಸ್‌ಗೆ ಮತ್ತೆ ಹೆಸರು ಕೊಡುತ್ತೇನೆ.